ಮುಲ್ಕಿ, ಗೈರ್-ಮುಲ್ಕಿ ಮತ್ತು ನಮ್ಮ ಹಟ್ಟಿ

ಮುಲ್ಕಿ ಅಂದ ಕೂಡಲೇ ಕರಾವಳಿಯವರಿಗೆ ಮಂಗಳೂರಿನಿಂದ ಉಡುಪಿಗೆ ಹೋಗೋ ದಾರಿಯಲ್ಲಿ ಸಿಗುವ ಮೂಲ್ಕಿ ನೆನಪಾಗುತ್ತೆ. ಧಾರವಾಡ, ಬಿಜಾಪುರದ ಕಡೆ ಹಿರಿಯರಿಗೆ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ. "ನಮ್ಮಪ್ಪ ಮುಲ್ಕಿ ಪಾಸಾಗಿದ್ರು" ಅಂತ ಈಗಲೂ ಹೆಮ್ಮೆಯಿಂದ ಹೇಳೋರಿದ್ದಾರೆ. ನಮ್ಮ ರಾಯಚೂರು, ಗುಲ್ಬರ್ಗಾ, ಬೀದರಿನ ಹಳಬರಿಗೆ ಮಾತ್ರ ಈ ಪದಕ್ಕೆ ಮೂರನೇ ಅರ್ಥ ಒಂದಿದೆ. ಮುಲ್ಕ್ ಅಂದರೆ ನಾಡು. ಮುಲ್ಕಿ ಅಂದರೆ ಈ ನಾಡಿನವನು. ಅಲ್ಲದವನು ಗೈರ್-ಮುಲ್ಕಿ.

ನನ್ನ ಆಫೀಸಿನಲ್ಲಿ ಚಹಾದ ಹೊತ್ತಿಗೆ ನಾಲ್ಕು ಜನ ಸೇರಿದರೆ ಮಾತು ಹೋಗಿ ನಿಲ್ಲೋದು ಪಿಆರ್ ಹತ್ತಿರ. ಕೆನಡಾಕ್ಕೆ ಎಷ್ಟು ಪಾಯಿಂಟ್ ಬೇಕು, ಐಇಎಲ್‌ಟಿಎಸ್‌ನಲ್ಲಿ ಎಷ್ಟು ಬಂತು, ಗ್ರೀನ್ ಕಾರ್ಡ್ ಸಾಲು ಎಲ್ಲಿಗೆ ಬಂತು... ಇದೆಲ್ಲ ನಮ್ಮ ತಲೆಮಾರಿನ, ಅದರಲ್ಲೂ ಸಾಫ್ಟ್‌ವೇರ್‌ನವರ ತಲೆನೋವು ಅಂತ ತುಂಬಾ ಜನ ತಿಳಿದಿದ್ದಾರೆ. ನಮ್ಮ ಲಿಂಗಸುಗೂರು ತಾಲೂಕಿನಲ್ಲೇ, ನೂರು ವರ್ಷದ ಹಿಂದೆಯೇ, ಇಷ್ಟು ವರ್ಷ ಇರಬೇಕು, ಇಂಥ ನಮೂನೆಯಲ್ಲಿ ಬರೆಯಬೇಕು, ಇಂಥವರ ಮುಂದೆ ಖುದ್ದಾಗಿ ಪ್ರಮಾಣ ಮಾಡಬೇಕು ಅನ್ನೋ ನಿಯಮ ಇತ್ತು ಅಂದರೆ ನಂಬೋದಿಲ್ಲ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ :-)

ಮೊದಲು ಹಿನ್ನೆಲೆ. 1956ರ ತನಕ ರಾಯಚೂರು ಜಿಲ್ಲೆ ಹೈದರಾಬಾದ್ ಸಂಸ್ಥಾನದ ಭಾಗ. ಅಲ್ಲಿ ತೆಲುಗು, ಮರಾಠಿ, ಕನ್ನಡ ಮೂರೂ ಭಾಷೆಯ ಜಿಲ್ಲೆಗಳಿದ್ದವು, ಕಚೇರಿಯ ಭಾಷೆ ಮಾತ್ರ ಉರ್ದು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ದಿವಾನರಾಗಿ ಬಂದ ಮೊದಲನೇ ಸಾಲಾರ್ ಜಂಗ್ (1853ರಿಂದ 1883) ಆಡಳಿತವನ್ನು ಹೊಸದಾಗಿ ಕಟ್ಟಲು ಹೊರಟಾಗ ಅದಕ್ಕೆ ಬೇಕಾದ ಓದಿದ ಜನ ಒಳಗೆ ಸಿಗಲಿಲ್ಲ. ಉತ್ತರ ಹಿಂದೂಸ್ತಾನದಿಂದ, ಮದ್ರಾಸಿನಿಂದ, ಬಂಗಾಳದಿಂದ ಜನರನ್ನು ಕರೆಸಿದರು. ಸರೋಜಿನಿ ನಾಯ್ಡು ಅವರ ತಂದೆ ಅಘೋರನಾಥ ಚಟ್ಟೋಪಾಧ್ಯಾಯ ಹೀಗೆಯೇ ಬಂದವರು. ವಿದೇಶದಲ್ಲಿ ವಿಜ್ಞಾನ ಓದಿದ್ದ ಈ ಬಂಗಾಳಿ ಹೈದರಾಬಾದಿನಲ್ಲಿ ಕಾಲೇಜು ಕಟ್ಟಿದರು. ಚಾಂದಾ ರೈಲ್ವೆಯ ವ್ಯವಹಾರವನ್ನು ಪ್ರಶ್ನಿಸಿದ್ದಕ್ಕೆ ಅವರನ್ನು ಸಂಸ್ಥಾನದಿಂದಲೇ ಹೊರಗೆ ಕಳಿಸಿದರು, ಆಮೇಲೆ ಮತ್ತೆ ಕರೆಸಿಕೊಂಡರು. ಇದು ಆಗಿನ ವರ್ಕ್ ಪರ್ಮಿಟ್ ಅನ್ನಿ. ಕೆಲಸ ಬೇಕಿರುವ ತನಕ ನೀನು ಬೇಕು, ಬಾಯಿ ತೆರೆದರೆ ಗಂಟುಮೂಟೆ ಕಟ್ಟು.

ಬಂದವರು ಒಳ್ಳೊಳ್ಳೆ ಹುದ್ದೆಯಲ್ಲಿ ಕೂತಾಗ ಇದ್ದವರಿಗೆ ಹೊಟ್ಟೆ ಉರಿಯೋದು ಸಹಜ. ಹೊಟ್ಟೆಕಿಚ್ಚು ಅಂತ ತಳ್ಳಿಹಾಕೋಕೂ ಆಗಲ್ಲ, ಅವರ ಮಕ್ಕಳು ಓದಿ ಬರುವಷ್ಟರಲ್ಲಿ ಕುರ್ಚಿ ಖಾಲಿ ಇರುತ್ತಿರಲಿಲ್ಲ. ಪಕ್ಕದ ಮೈಸೂರು ಸಂಸ್ಥಾನದಲ್ಲೂ ಇದೇ ಗಲಾಟೆ ಇತ್ತಲ್ಲ, ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮದ್ರಾಸಿನವರೇ ಎಲ್ಲ ತುಂಬಿಕೊಂಡರು ಅಂತ. ನಮ್ಮ ಕಡೆ ಇನ್ನೂ ಹಳೆಯ ಕಥೆಯೇ ಇದೆ. ಬೀದರಿನ ಬಹಮನಿಗಳ ಕಾಲದಲ್ಲಿ ದಖ್ಖನಿಗಳು ಮತ್ತು ಹೊರಗಿನಿಂದ ಬಂದ ಆಫಾಕಿಗಳು ಅಂತ ಎರಡು ಗುಂಪು. ಇರಾನಿನ ಗಿಲಾನಿನಿಂದ ವ್ಯಾಪಾರಕ್ಕೆ ಬಂದು ವಜೀರನಾದ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ. 1481ರಲ್ಲಿ ಅವನ ತಲೆ ಹೋಯಿತು. ಹೊರಗಿನವನು ಅನ್ನೋದೇ ಆ ಪಿತೂರಿಯ ಬೇರು. ಮದರಸಾದ ಒಂದು ಮಿನಾರು ಈಗಲೂ ನಿಂತಿದೆ, ಬೀದರಿಗೆ ಹೋದಾಗ ನೋಡಿ.

ಇರಲಿ, ವಿಷಯಕ್ಕೆ ಬರ್ತೀನಿ. 1919ರಲ್ಲಿ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಫರ್ಮಾನ್ ಹೊರಡಿಸಿ ಮುಲ್ಕಿ ನಿಯಮಗಳನ್ನು ಜಾರಿಗೆ ತಂದರು. ಸಂಸ್ಥಾನದ ನೌಕರಿ, ಅದು ಮೇಲಿನದಿರಲಿ ಕೆಳಗಿನದಿರಲಿ, ಮುಲ್ಕಿಗಳಿಗೆ ಮಾತ್ರ. ಗೈರ್-ಮುಲ್ಕಿಯನ್ನು ತೆಗೆದುಕೊಳ್ಳಬೇಕಾದರೆ ಖುದ್ದು ನಿಜಾಮರ ವಿಶೇಷ ಅಪ್ಪಣೆ ಬೇಕು. ಅಂದರೆ ದೊಡ್ಡ ಪರಿಣತನಿಗೆ ದೊಡ್ಡ ಬಾಗಿಲು ತೆರೆದೇ ಇತ್ತು. ಈ ನಿಯಮ ಬರುವ ಮೊದಲೂ ಅದು ಹಾಗೇ ನಡೆದಿತ್ತು. 1908ರ ಮೂಸಿ ನದಿಯ ಪ್ರವಾಹದ ನಂತರ ನಮ್ಮ ವಿಶ್ವೇಶ್ವರಯ್ಯನವರನ್ನು 1909ರಲ್ಲಿ ಕರೆಸಿಕೊಂಡಾಗ ಅವರ ಬಳಿ ಯಾರೂ ಮುಲ್ಕಿ ಕಾಗದ ಕೇಳಲಿಲ್ಲ. ಉಸ್ಮಾನ್ ಸಾಗರ, ಹಿಮಾಯತ್ ಸಾಗರದ ಯೋಜನೆ ಕೊಟ್ಟು ಅವರು ಮೈಸೂರಿಗೆ ಬಂದರು. ಕಾಗದ ಕೇಳೋದು ಗುಮಾಸ್ತನಾಗಲು, ಮಾಸ್ತರನಾಗಲು, ಜವಾನನಾಗಲು ಬಂದವನ ಹತ್ತಿರ. ಈಗಿನ ದೇಶಗಳೂ ಅಷ್ಟೇ ಅಲ್ವಾ.

ಮುಲ್ಕಿ ಯಾರು? ತಂದೆ ಮುಲ್ಕಿಯಾಗಿದ್ದರೆ ಮಗು ಮುಲ್ಕಿ. ಸರ್ಕಾರಿ ನೌಕರಿಯಲ್ಲಿ ಹದಿನೈದು ವರ್ಷ ಮುಗಿಸಿದ ತಂದೆ ಇನ್ನೂ ನೌಕರಿಯಲ್ಲಿರುವಾಗ ಹುಟ್ಟಿದ ಮಗುವೂ ಮುಲ್ಕಿ. ಮುಲ್ಕಿಯ ಹೆಂಡತಿ ಮುಲ್ಕಿ. ಇವು ಯಾವುದೂ ಅಲ್ಲದೆ ಹೊರಗಿನಿಂದ ಬಂದವನಿಗೆ ಒಂದೇ ದಾರಿ. ಸಂಸ್ಥಾನದಲ್ಲಿ ಕನಿಷ್ಠ 15 ವರ್ಷ ಖಾಯಂ ಆಗಿ ವಾಸ ಮಾಡಿರಬೇಕು. ಜೊತೆಗೆ, ಹಿಂದೆ ಇದ್ದ ಊರಿಗೆ ವಾಪಸು ಹೋಗುವ ಯೋಚನೆಯನ್ನೇ ಬಿಟ್ಟಿದ್ದೇನೆ ಅಂತ ಗೊತ್ತುಪಡಿಸಿದ ನಮೂನೆಯಲ್ಲಿ ಪ್ರಮಾಣಪತ್ರ ಮಾಡಿ, ಮ್ಯಾಜಿಸ್ಟ್ರೇಟರ ಸಹಿ ಹಾಕಿಸಿರಬೇಕು.

ಈ ಎರಡನೇ ಷರತ್ತನ್ನು ಮೊದಲ ಸಲ ಓದಿದಾಗ ನಾನು ಸುಮಾರು ಹೊತ್ತು ಅಲ್ಲೇ ನಿಂತೆ. ಹದಿನೈದು ವರ್ಷ ಎಣಿಸಬಹುದು. ಮನೆ ಬಾಡಿಗೆಯ ರಸೀದಿ, ಸಂಬಳದ ಪಟ್ಟಿ, ಇಬ್ಬರು ಪರಿಚಯದವರ ಸಾಕ್ಷಿ ಸಾಕು. ಯೋಚನೆ ಬಿಟ್ಟಿದ್ದಾನೋ ಇಲ್ಲವೋ ಅಂತ ಯಾವ ಮ್ಯಾಜಿಸ್ಟ್ರೇಟ್ ಹೇಗೆ ನೋಡುತ್ತಾನೆ? ಊರಲ್ಲಿ ಅಮ್ಮ ಇದ್ದಾಳೆ, ಎರಡೆಕರೆ ಹೊಲ ಇದೆ, ವರ್ಷಕ್ಕೊಮ್ಮೆ ಮನೆದೇವರಿಗೆ ಹೋಗಬೇಕು. ಅಂಥವನು ಎದ್ದು ನಿಂತು, ನಾನಿನ್ನು ಅಲ್ಲಿಗೆ ಹೋಗುವವನಲ್ಲ ಅಂತ ಬಾಯಿಬಿಟ್ಟು ಹೇಳಬೇಕು.

ಇದರ ಕನ್ನಡಿ ಬಿಂಬ ಇವತ್ತು ನಮಗೆಲ್ಲ ಗೊತ್ತಿರೋದೇ. ಅಮೆರಿಕದ ವಿಸಿಟರ್ ವೀಸಾಗೆ ಹೋದರೆ ಅವರ ಕಾನೂನಿನ ಪ್ರಕಾರ ನೀವು ಅಲ್ಲೇ ಉಳಿಯೋಕೆ ಹೊರಟವರು ಅಂತಲೇ ಲೆಕ್ಕ. ಇಲ್ಲ ಸ್ವಾಮಿ, ನಾನು ವಾಪಸು ಬರ್ತೀನಿ ಅಂತ ಕಿಟಕಿಯ ಮುಂದೆ ನಿಂತು ನೀವು ನಂಬಿಸಬೇಕು. ನಿಜಾಮರ ಮ್ಯಾಜಿಸ್ಟ್ರೇಟರ ಮುಂದೆ ವಾಪಸು ಹೋಗಲ್ಲ ಅಂತ ನಂಬಿಸಬೇಕಿತ್ತು. ಎಚ್-1ಬಿ ಕೊಡುವಾಗ ಮಾತ್ರ ಈ ಪ್ರಶ್ನೆ ಇಲ್ಲ, ಉಳಿಯುವ ಆಸೆ ಇದ್ದರೂ ಪರವಾಗಿಲ್ಲ ಅಂತಾರೆ. ಕೆನಡಾದ ಪಿಆರ್ ಉಳಿಸಿಕೊಳ್ಳಲು ಐದು ವರ್ಷದಲ್ಲಿ 730 ದಿನ ಅಲ್ಲಿದ್ದರೆ ಆಯಿತು, ಮನಸ್ಸು ಎಲ್ಲಿತ್ತು ಅಂತ ಲೆಕ್ಕ ಇಡೋದಿಲ್ಲ. ಅಂದ ಹಾಗೆ ಹೈದರಾಬಾದಿನ ಅಮೆರಿಕನ್ ಕಾನ್ಸುಲೇಟ್ 2008ರಿಂದ 2023ರ ತನಕ ಇದ್ದದ್ದು ಬೇಗಂಪೇಟೆಯಲ್ಲಿ, ನಿಜಾಮರ ಆಸ್ಥಾನದ ಪಾಯಿಗಾ ಮನೆತನದ ಅರಮನೆಯಲ್ಲಿ! ನಮ್ಮ ಜಿಲ್ಲೆಯ ಎಷ್ಟು ಎಂಜಿನಿಯರುಗಳು ಅಲ್ಲಿ ಫೈಲ್ ಹಿಡಿದು ನಿಂತಿದ್ದರೋ.

ಈಗ ಹಟ್ಟಿಗೆ ಬರೋಣ. ಹೊರಗಿನವರು ಕೇಳಿದ್ದರೆ ಚಿನ್ನದ ಗಣಿಯಿಂದಲೇ ಕೇಳಿರ್ತಾರೆ. ಇಲ್ಲಿನ ಹಳೆಯ ಗುಂಡಿಗಳು ಸುಮಾರು 640 ಅಡಿ ಆಳದ ತನಕ ಇಳಿದಿವೆ, ಅವುಗಳಲ್ಲಿ ಸಿಕ್ಕ ಮರದ ತುಂಡುಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷ ಅಂತ ಇಂಗಾಲದ ಪರೀಕ್ಷೆ ಹೇಳುತ್ತೆ. ಆ ಆಳಕ್ಕೆ ಇಳಿದವರು ಯಾರ ಜನ, ಎಲ್ಲಿಂದ ಬಂದವರು, ಯಾವ ಕಾಗದದಲ್ಲೂ ಇಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿ ಬಂದು ಗಣಿಯನ್ನು ಮತ್ತೆ ತೆರೆದು, 1920ರಲ್ಲಿ ಮುಚ್ಚಿಕೊಂಡು ಹೋಯಿತು. ಅದೇ ಅವಧಿಯಲ್ಲಿ, 1915ರಲ್ಲಿ, ಪಕ್ಕದ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಕಂಡುಹಿಡಿದದ್ದು ಸಿ. ಬೀಡನ್ ಅನ್ನೋ ಗಣಿ ಎಂಜಿನಿಯರ್. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ, ಮೊದಲು ಸಿಕ್ಕ ಶಾಸನ ಅದು. ಚಿನ್ನ ಹುಡುಕಲು ಕರೆಸಿದವನಿಗೆ ಅಶೋಕ ಸಿಕ್ಕ. ಶತಮಾನಗಳಿಂದ ಅದರ ಪಕ್ಕದಲ್ಲೇ ಕುರಿ ಮೇಯಿಸಿದವರು ಆ ಕಲ್ಲನ್ನು ನೋಡಿರಲಿಲ್ಲ ಅಂತ ನಾನು ನಂಬಲ್ಲ. ನೋಡಿದ್ದನ್ನು ಎಲ್ಲಿಗೆ ಬರೆದು ಕಳಿಸಬೇಕು ಅನ್ನೋದು ಬೀಡನ್‌ಗೆ ಗೊತ್ತಿತ್ತು, ಅಷ್ಟೇ.

1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಆಯಿತು, ಮುಂದಿನ ವರ್ಷ ಉತ್ಪಾದನೆ ಶುರುವಾಯಿತು. ಆಳದ ಚಿನ್ನದ ಗಣಿ ಅಂದರೆ ಗುದ್ದಲಿ ಹಿಡಿದು ಇಳಿಯೋ ಕೆಲಸ ಅಲ್ಲ. ಜನರನ್ನು ಇಳಿಸಿ ಹತ್ತಿಸುವ ವೈಂಡಿಂಗ್ ಎಂಜಿನ್ ನಡೆಸುವವರು, ಬಂಡೆ ಕೊರೆಯುವವರು, ಸ್ಫೋಟಕ ತುಂಬುವವರು, ಕುಸಿಯದ ಹಾಗೆ ಮರ ಕೊಟ್ಟು ನಿಲ್ಲಿಸುವವರು, ಗಿರಣಿಯಲ್ಲಿ ಅದಿರು ಪುಡಿ ಮಾಡಿ ಚಿನ್ನ ಬೇರೆ ಮಾಡುವವರು ಬೇಕು. ಇಂಥ ಕೈಕೆಲಸ ಕಲಿತವರು ಆಗ ಎಲ್ಲಿದ್ದರು? ಕೋಲಾರದ ಕೆಜಿಎಫ್‌ನಲ್ಲಿ. ನನ್ನ ತಾತ ಅಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಹತ್ತಿರ ಸಹಾಯಕನಾಗಿದ್ದವರು. 1951ರಲ್ಲಿ, ಇಪ್ಪತ್ತೆರಡನೇ ವಯಸ್ಸಿಗೆ, ಒಂದು ಟ್ರಂಕು ಹಿಡಿದು ಹಟ್ಟಿಗೆ ಬಂದರು. (ನಮ್ಮ ಓಣಿಯ ಹುಡುಗರೆಲ್ಲ "ಮುತ್ಯಾ" ಅನ್ನುವಾಗ ನಾವಿಬ್ಬರೇ "ತಾತ" ಅನ್ನುತ್ತಿದ್ದೆವು, ಅಷ್ಟರ ಮಟ್ಟಿಗೆ ನಾವು ಇವತ್ತಿಗೂ ಗೈರ್-ಮುಲ್ಕಿ.)

ಇಲ್ಲೊಂದು ವಿಚಿತ್ರ ಗಮನಿಸಿ. ತಾತನ ಊರು ಬಂಗಾರಪೇಟೆ ಹತ್ತಿರ, ಮೈಸೂರು ರಾಜ್ಯ. ಮನೆಮಾತು ಕನ್ನಡ. ಬಂದು ಸೇರಿದ್ದು ಲಿಂಗಸುಗೂರು ತಾಲೂಕು, ಊರ ಮಾತು ಕನ್ನಡ. ಆದರೂ ನಿಯಮದ ಪ್ರಕಾರ ತಾತ ಗೈರ್-ಮುಲ್ಕಿ. ಕನ್ನಡದ ಒಂದಕ್ಷರ ಬಾರದ ಔರಂಗಾಬಾದಿನ ಮರಾಠಿಯವನು, ವರಂಗಲ್ಲಿನ ತೆಲುಗಿನವನು ರಾಯಚೂರಲ್ಲಿ ಮುಲ್ಕಿ. ಬಳ್ಳಾರಿಯವನೂ ಗೈರ್-ಮುಲ್ಕಿಯೇ, ತುಂಗಭದ್ರೆಯ ಆಚೆ ಅದು ಮದ್ರಾಸು. ನಾಡು ಅನ್ನೋ ಪದ ಒಂದೇ, ಅದರ ಗೆರೆ ಮಾತ್ರ ಯಾರು ಆಳುತ್ತಾರೋ ಅವರ ಪೆನ್ಸಿಲ್ಲಿನದು.

ತಾತನ ಕೆಲಸ ಕಂಪನಿಯದ್ದು, ಅದಕ್ಕೆ ಮುಲ್ಕಿ ಕಾಗದ ಬೇಕಾಗಿರಲಿಲ್ಲ. ಗಣಿಗೆ ಕೈ ಗೊತ್ತಿದ್ದರೆ ಸಾಕು. ಕ್ಯಾಂಪಿನಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ ಎಲ್ಲ ಒಂದೇ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದವು. ಆದರೆ ಗಣಿಯ ಧೂಳು ಯಾರಿಗೂ ಒಳ್ಳೇದಲ್ಲ. ಸರ್ಕಾರದ ಯಾವುದಾದರೂ ಖಾತೆಯಲ್ಲಿ ಮೇಲಿನ ಕೆಲಸ ಸಿಕ್ಕೀತೇ ಅಂತ ತಾತ ಒಮ್ಮೆ ವಿಚಾರಿಸಿದ್ದರಂತೆ. "ಹದಿನೈದು ವರ್ಷ ಆಗ್ಲಿ, ಆಮೇಲೆ ಬಾ" ಅಂದರಂತೆ. ತಾತ ಅದನ್ನು ಹೇಳಿ ನಗುತ್ತಿದ್ದರು. ಲೆಕ್ಕ ಹಾಕಿ ನೋಡಿ, 1951ಕ್ಕೆ ಹದಿನೈದು ಸೇರಿಸಿದರೆ 1966. ಅಷ್ಟರೊಳಗೆ ಹೈದರಾಬಾದ್ ರಾಜ್ಯವೇ ಇರಲಿಲ್ಲ!

ಆ ಹೊತ್ತಿಗೆ ಮುಲ್ಕಿ ಕಾಗದದ ಮರ್ಯಾದೆಯೂ ಅಷ್ಟಕ್ಕಷ್ಟೇ ಆಗಿತ್ತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಭಾರತ ಸರ್ಕಾರ ಆಡಳಿತ ನಡೆಸಲು ಮದ್ರಾಸು, ಬೊಂಬಾಯಿ ಕಡೆಯಿಂದ ಅಧಿಕಾರಿಗಳನ್ನು ಕಳಿಸಿತು. ಅವರ ಹಿಂದೆ ಕೆಳಗಿನ ಹುದ್ದೆಗಳಿಗೂ ಜನ ಬಂದರು, ಸುಳ್ಳು ಮುಲ್ಕಿ ಸರ್ಟಿಫಿಕೇಟುಗಳು ಓಡಾಡುತ್ತಿವೆ ಅನ್ನೋ ದೂರು ಎದ್ದಿತು. 1952ರಲ್ಲಿ ವರಂಗಲ್ಲಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಸೆಪ್ಟೆಂಬರ್ ಮೊದಲ ವಾರ ಹೈದರಾಬಾದಿನ ಸಿಟಿ ಕಾಲೇಜಿನ ಬಳಿ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಆಗ ಮುಖ್ಯಮಂತ್ರಿ ಬೂರ್ಗುಲ ರಾಮಕೃಷ್ಣರಾವ್. ಮುಲ್ಕಿ ಗಲಾಟೆ ಅಂತ ನಮ್ಮ ಹಿರಿಯರು ಹೇಳೋದು ಇದನ್ನೇ. ತೆಲಂಗಾಣದ ಚರಿತ್ರೆಯಲ್ಲಿ ಇದಕ್ಕೆ ದೊಡ್ಡ ಜಾಗ ಇದೆ, ನಮ್ಮ ಶಾಲೆಯ ಪುಸ್ತಕದಲ್ಲಿ ನಾನಂತೂ ಇದರ ಬಗ್ಗೆ ಒಂದು ಸಾಲೂ ಓದಿಲ್ಲ.

1956ರ ನವೆಂಬರ್ 1ಕ್ಕೆ ರಾಯಚೂರು, ಗುಲ್ಬರ್ಗಾ, ಬೀದರ್ ಮೈಸೂರು ರಾಜ್ಯಕ್ಕೆ ಸೇರಿದವು. ಕಂಪನಿಯ ಹೆಸರಿನಿಂದ ಹೈದರಾಬಾದ್ ಹೋಗಿ ಹಟ್ಟಿ ಬಂತು. ಹಿಂದಿನ ರಾತ್ರಿ ಗೈರ್-ಮುಲ್ಕಿಯಾಗಿ ಪಾಳಿಗೆ ಹೋದ ತಾತ ಬೆಳಿಗ್ಗೆ ತನ್ನ ಸ್ವಂತ ರಾಜ್ಯಕ್ಕೆ ವಾಪಸಾದರು. ಅರ್ಜಿ ಇಲ್ಲ, ಪ್ರಮಾಣ ಇಲ್ಲ, ವೈಂಡರ್ ಕೋಣೆಯಿಂದ ಮನೆಗೆ ನಡೆದ ಅರ್ಧ ಮೈಲಿ ಅಷ್ಟೇ.

ಇನ್ನು ನನಗೆ ಇಡೀ ಕಥೆಯಲ್ಲಿ ಮುಖ್ಯ ಅನ್ನಿಸೋ ಭಾಗ. ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಯಲ್ಲಿ ಹುಟ್ಟಿದ ಊರು, ವಾಸದ ಊರು ನೋಡಬಾರದು ಅನ್ನುತ್ತೆ. ವಾಸದ ಷರತ್ತು ಹಾಕುವ ಅಧಿಕಾರ ಇರೋದು ಸಂಸತ್ತಿಗೆ ಮಾತ್ರ. 1957ರಲ್ಲಿ ಸಂಸತ್ತು ಒಂದು ಕಾನೂನು ಮಾಡಿ ಹಳೆಯ ವಾಸದ ಷರತ್ತುಗಳನ್ನೆಲ್ಲ ತೆಗೆದುಹಾಕಿತು. ಆದರೆ ತೆಲಂಗಾಣಕ್ಕೆ, ಇನ್ನು ಕೆಲವು ಕಡೆಗೆ, ವಿನಾಯಿತಿ ಇಟ್ಟಿತು. ಹದಿನೈದು ವರ್ಷದ ನಿಯಮ ಅಲ್ಲಿ ಮುಂದುವರಿಯಿತು. ಅದೇ ನಿಜಾಮರ ಕೈಕೆಳಗೆ, ಅದೇ ಉರ್ದು ಕಚೇರಿಯಲ್ಲಿ, ಅಷ್ಟೇ ಹಿಂದುಳಿದಿದ್ದ ರಾಯಚೂರು, ಗುಲ್ಬರ್ಗಾ, ಬೀದರಿಗೆ ವಿನಾಯಿತಿ ಇಲ್ಲ. ಮೈಸೂರು, ಧಾರವಾಡದಲ್ಲಿ ಓದಿದವರ ಜೊತೆ ನಮ್ಮ ಹುಡುಗರು 1959ರಿಂದ ನೇರ ಸ್ಪರ್ಧೆಗೆ ಬಿದ್ದರು. ಉರ್ದು ಮಾಧ್ಯಮದಲ್ಲಿ ಓದಿ, ಕನ್ನಡದಲ್ಲಿ ಅರ್ಜಿ ಬರೆಯಲು ತಡವರಿಸುತ್ತಿದ್ದ ಕನ್ನಡಿಗರ ಒಂದು ತಲೆಮಾರೇ ಇತ್ತು ನಮ್ಮಲ್ಲಿ.

ತೆಲಂಗಾಣದ ಕಥೆ ಜೋರಾಗಿ ನಡೆಯಿತು. 1969ರಲ್ಲಿ ಆ ವಿನಾಯಿತಿ ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿತು, 1972ರಲ್ಲಿ ಹಳೆಯ ಮುಲ್ಕಿ ನಿಯಮಗಳು ಅಲ್ಲಿ ಇನ್ನೂ ಜೀವಂತ ಅಂತ ಹೇಳಿತು. ಎರಡೂ ಸಲ ಬೆಂಕಿ. ಕೊನೆಗೆ 32ನೇ ತಿದ್ದುಪಡಿ, 371(ಡಿ). ನಮ್ಮ ಕಡೆ ಮುಲ್ಕಿ ಸದ್ದಿಲ್ಲದೆ ಸತ್ತಿತು. ಅತ್ತವರೂ ಇಲ್ಲ. ಅಳುವಷ್ಟು ಗಟ್ಟಿ ದನಿ ನಮಗೆ ಬೆಂಗಳೂರಿನಲ್ಲಿ ಇರಲಿಲ್ಲ ಅನ್ನೋದು ನನ್ನ ಅಭಿಪ್ರಾಯ, ಒಪ್ಪದಿದ್ದರೆ ಜಗಳ ಆಡಿ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದ ತಾಲೂಕುಗಳ ಪಟ್ಟಿ ಕೊಟ್ಟಾಗ ನಮ್ಮವೇ ಕೆಳಗಿದ್ದವು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ 98ನೇ ತಿದ್ದುಪಡಿಯಾಗಿ 371(ಜೆ) ಬಂದು, 2013ರಲ್ಲಿ ಜಾರಿಯಾಯಿತು. ಪ್ರದೇಶದ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ 75, ಸಿ ಗುಂಪಿನಲ್ಲಿ 80, ಡಿ ಗುಂಪಿನಲ್ಲಿ 85 ಸ್ಥಳೀಯರಿಗೆ. ಪಟ್ಟಿಯಲ್ಲಿ ಬಳ್ಳಾರಿಯೂ ಸೇರಿತು. ಅಂದಿನ ಗೈರ್-ಮುಲ್ಕಿ ಇಂದಿನ ಸ್ಥಳೀಯ.

ಮತ್ತೆ ಒಂದು ಕಾಗದ ಬೇಕಾಯಿತು. ಈ ಸಲ ಉಪವಿಭಾಗಾಧಿಕಾರಿಯ ಸಹಿ. ಸ್ಥಳೀಯ ಅನ್ನಿಸಿಕೊಳ್ಳಲು ಮುಖ್ಯ ದಾರಿಗಳು ಇಲ್ಲಿ ಹುಟ್ಟಿರುವುದು, ಅಥವಾ ಹತ್ತು ವರ್ಷಕ್ಕೆ ಕಡಿಮೆ ಇಲ್ಲದ ವಾಸ. ನಾನು ಹಟ್ಟಿಯಲ್ಲೇ ಹುಟ್ಟಿದವನು, ನನ್ನದು ಸುಲಭ. ಅಕ್ಕನದು ಹಾಗಲ್ಲ. ಅವಳು ಮನೆಯ ಮೊದಲ ಮಗು, ಮೊದಲ ಹೆರಿಗೆ ತವರಲ್ಲೇ ಆಗಬೇಕಲ್ಲ! ಅಮ್ಮನ ತವರು ಕೋಲಾರದ ಕಡೆ. ಮೂರು ತಿಂಗಳ ಕೂಸಾಗಿ ಹಟ್ಟಿಗೆ ಬಂದವಳ ಜನನ ಪ್ರಮಾಣಪತ್ರ ಮಾತ್ರ ಜೀವನಪೂರ್ತಿ ಕೋಲಾರದ್ದು. ಶಿಕ್ಷಕಿ ಹುದ್ದೆಗೆ ಅರ್ಜಿ ಹಾಕುವಾಗ ಒಂದರಿಂದ ಹತ್ತನೇ ತರಗತಿಯ ವ್ಯಾಸಂಗ ಪ್ರಮಾಣಪತ್ರ, ರೇಷನ್ ಕಾರ್ಡ್, ಅಪ್ಪನ ಸೇವಾ ಪುಸ್ತಕದ ನಕಲು ಎಲ್ಲ ಜೋಡಿಸಿ, ನಾಲ್ಕು ಸಲ ಖುದ್ದಾಗಿ ಹೋಗಿ ಬಂದಳು. ನಿಜಾಮರ ನಿಯಮದಲ್ಲಾದರೆ ತಂದೆಯನ್ನು ನೋಡುತ್ತಿದ್ದರು, ಕೂಸು ಯಾವ ಊರಿನ ಆಸ್ಪತ್ರೆಯಲ್ಲಿ ಅತ್ತಿತು ಅಂತ ಕೇಳುತ್ತಿರಲಿಲ್ಲ. ಹಾಗಂತ ಹಳೆಯದೇ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಅಲ್ಲಿ ತಾಯಿಗೆ ಲೆಕ್ಕವೇ ಇರಲಿಲ್ಲ. ಮತ್ತೆ, ಅಕ್ಕ ಕೊಟ್ಟ ಕಾಗದಗಳ ಕಂತೆಯಲ್ಲಿ ತವರಿಗೆ ಹೋಗುವ ಯೋಚನೆ ಬಿಟ್ಟಿದ್ದೇನೆ ಅನ್ನೋ ಸಾಲು ಎಲ್ಲೂ ಇರಲಿಲ್ಲ. ಕಾಗದ ಸಿಕ್ಕಿತು, ಕೆಲಸವೂ ಸಿಕ್ಕಿತು.

ನಮ್ಮ ಪಕ್ಕದ ಸಿಂಧನೂರಿನ ಮಾತು ಎತ್ತದೆ ಹೋದರೆ ಅನ್ಯಾಯ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಅಲ್ಲಿ ಆರ್.ಎಚ್. ಕ್ಯಾಂಪುಗಳಲ್ಲಿ ಭೂಮಿ ಕೊಟ್ಟು ಕೂರಿಸಿತು. ತುಂಗಭದ್ರಾ ಕಾಲುವೆಯ ಕೆಳಗೆ ಭತ್ತ ಬೆಳೆದು, ಕನ್ನಡ ಕಲಿತು, ಮೊಮ್ಮಕ್ಕಳನ್ನು ಕಂಡವರು ಅವರು. ಅವರಲ್ಲಿ ಕೆಲವರಿಗೆ ಪೌರತ್ವದ ಪ್ರಮಾಣಪತ್ರ ಕೈಗೆ ಬಂದದ್ದು 2024ರಲ್ಲಿ. ಹದಿನೈದು ವರ್ಷದ ನಿಯಮ ಇವರ ಮುಂದೆ ಏನೇನೂ ಅಲ್ಲ.

ತಾತ 2009ರಲ್ಲಿ ತೀರಿಕೊಂಡರು, ಹಟ್ಟಿಯಲ್ಲೇ. ಬಂಗಾರಪೇಟೆಯ ಎರಡೆಕರೆಯನ್ನು ಕೊನೆತನಕ ಮಾರಿರಲಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ನಿಂತಿದ್ದರೆ ಏನು ಹೇಳುತ್ತಿದ್ದರು ಅಂತ ಅಪ್ಪನನ್ನು ಕೇಳಿದೆ. "ಸಹಿ ಹಾಕ್ತಿದ್ರು ಕಣೋ, ಸಂಕ್ರಾಂತಿಗೆ ಊರಿಗೂ ಹೋಗ್ತಿದ್ರು" ಅಂದರು ಅಪ್ಪ.

ಗೆಳೆಯರೇ, ನಿಮ್ಮ ಯಾರ ಮನೆಯಲ್ಲಾದರೂ ಹಳೆಯ ಟ್ರಂಕಿನಲ್ಲಿ ಮುಲ್ಕಿ ಸರ್ಟಿಫಿಕೇಟ್ ಇದೆಯೇ? ಇದ್ದರೆ ದಯವಿಟ್ಟು ಫೋಟೋ ತೆಗೆದು ಕಳಿಸಿ. ಮುಖ್ಯವಾಗಿ ಆ ಪ್ರಮಾಣದ ಉರ್ದು ಸಾಲು ಹೇಗಿತ್ತು ಅಂತ ನೋಡಬೇಕಿದೆ. ಓದಿ ಹೇಳಲು ನಮ್ಮ ಓಣಿಯಲ್ಲಿ ಉರ್ದು ಮಾಧ್ಯಮದಲ್ಲಿ ಓದಿದ ತೊಂಬತ್ತರ ಮುತ್ಯಾ ಒಬ್ಬರು ಇನ್ನೂ ಗಟ್ಟಿಯಾಗಿದ್ದಾರೆ, ಕನ್ನಡಕ ಕೂಡ ಹಾಕಲ್ಲ :-)